ಗ್ಲೋಬಲ್ ಎಚ್‌ಆರ್ ಓದುವುದಾದರೆ ಮಾಡೆಲ್ ಪಕ್ಕಕ್ಕಿಡಿ, ಒಂದು ಬೋನಸ್‌ನ ಬೆನ್ನು ಹತ್ತಿ

ನಿಮ್ಮ ಪ್ರಶ್ನೆ ಇಷ್ಟು ತಾನೆ? ಎಂಬಿಎಯಲ್ಲಿ ಜಾಗತಿಕ ವ್ಯವಹಾರದ ಸ್ಟ್ರಾಟಜಿಕ್ ಎಚ್‌ಆರ್, ಅಂದರೆ ಕಂಪನಿಯ ಗುರಿಗೆ ತಕ್ಕಂತೆ ಸಿಬ್ಬಂದಿಯನ್ನು ನೋಡಿಕೊಳ್ಳುವ ವಿಷಯ, ಆರಿಸಿಕೊಂಡಿದ್ದೀರಿ. ಪುಸ್ತಕದ ಸಿದ್ಧಾಂತಗಳು, ಅಂದರೆ ಮಾಡೆಲ್‌ಗಳೆಲ್ಲ ಬಾಯಿಪಾಠ ಆಗಿವೆ, ಆದರೆ ಒಂದು ಕಂಪನಿಯ ಕಥೆ ಕೊಟ್ಟು ಉತ್ತರ ಕೇಳುವ ಕೇಸ್ ಸ್ಟಡಿ ಕೊಟ್ಟರೆ ಏನು ಬರೆಯಬೇಕು ಅಂತಲೇ ತೋಚುವುದಿಲ್ಲ. ಹೇಗೆ ಓದಬೇಕು, ಓದಿದ್ದು ಕೆಲಸಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಓದಿದವನು. ಈಗ ಹಲವು ದೇಶಗಳಲ್ಲಿ ಕಚೇರಿ ಇರುವ ಕಂಪನಿಯೊಂದರಲ್ಲಿ ಸಂಬಳ, ಬೋನಸ್ ನೋಡಿಕೊಳ್ಳುತ್ತೇನೆ. ಹಾಗಾಗಿ ಉತ್ತರ ಸ್ವಲ್ಪ ದುಡ್ಡಿನ ಕಡೆಗೇ ವಾಲುತ್ತದೆ, ಸಹಿಸಿಕೊಳ್ಳಿ.

ನಾನು ಹೇಳುವುದು ಒಂದೇ. ಕಂಪನಿಯ ಯಾವುದಾದರೂ ಒಂದು ಪದ್ಧತಿ ಹಿಡಿದುಕೊಳ್ಳಿ. ಬೋನಸ್ ಆಗಲಿ, ಬಡ್ತಿ ಆಗಲಿ, ಕೆಲಸದಿಂದ ತೆಗೆಯುವ ರೀತಿ ಆಗಲಿ. ಅದು ತನ್ನ ಊರಲ್ಲಿ ಯಾಕೆ ನಡೆಯುತ್ತಿತ್ತು, ಗಡಿ ದಾಟಿದ ಮೇಲೆ ಏನಾಯಿತು ಅಂತ ನೋಡುತ್ತಾ ಹೋಗಿ. ಮಾಡೆಲ್‌ಗಳು ದಾರಿಯಲ್ಲಿ ತಾವಾಗಿ ಸಿಗುತ್ತವೆ.

ಇದಕ್ಕೆ ನನಗೆ ತುಂಬಾ ಇಷ್ಟದ ಉದಾಹರಣೆ ಲಿಂಕನ್ ಎಲೆಕ್ಟ್ರಿಕ್. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1895ರಲ್ಲಿ ಶುರುವಾದ, ವೆಲ್ಡಿಂಗ್ ಯಂತ್ರ ಮಾಡುವ ಕಂಪನಿ. ಅಲ್ಲಿ ಕಾರ್ಖಾನೆಯವರಿಗೆ ಮಾಡಿದ ಪೀಸ್ ಲೆಕ್ಕದಲ್ಲಿ ಕೂಲಿ. 1934ರಿಂದ ವರ್ಷದ ಕೊನೆಗೆ ಲಾಭದಲ್ಲಿ ಬೋನಸ್. ಅದರ ಜೊತೆಗೆ, ಖಾಯಂ ಆದವರನ್ನು ಆರ್ಡರ್ ಇಲ್ಲ ಅಂತ ಮನೆಗೆ ಕಳಿಸುವುದಿಲ್ಲ ಅನ್ನುವ ಭರವಸೆ. ಈ ಮೂರನ್ನೂ ಬಿಡಿಬಿಡಿಯಾಗಿ ನೋಡಿದರೆ ಏನೂ ವಿಶೇಷ ಇಲ್ಲ. ಆದರೆ ಪೀಸ್ ಲೆಕ್ಕ ಮಾತ್ರ ಇದ್ದರೆ ಕೆಲಸಗಾರ ಏನು ಯೋಚಿಸುತ್ತಾನೆ? ಜಾಸ್ತಿ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ಆಮೇಲೆ ನನ್ನನ್ನೇ ತೆಗೆಯುತ್ತಾರೆ. ಆ ಭಯವನ್ನು ಕೆಲಸದ ಭರವಸೆ ಕಳೆಯುತ್ತದೆ. ಸುಮ್ನೆ ಪೀಸ್ ಜಾಸ್ತಿ ಮಾಡಿ ಗುಣಮಟ್ಟ ಕೆಡಿಸಿದರೆ? ಅದಕ್ಕೆ ಬೋನಸ್ ಇದೆ. ಅದನ್ನು ಹಂಚುವಾಗ ಗುಣಮಟ್ಟ, ಜೊತೆಯವರೊಂದಿಗೆ ಸಹಕಾರ ಎಲ್ಲ ಲೆಕ್ಕಕ್ಕೆ ಬರುತ್ತಿತ್ತು. ಒಂದು ಪದ್ಧತಿ ಇನ್ನೊಂದರ ತೂತು ಮುಚ್ಚುತ್ತಿದೆ, ಅಲ್ವಾ? ಪುಸ್ತಕದಲ್ಲಿ 'ಆಂತರಿಕ ಹೊಂದಾಣಿಕೆ' ಅಂತ ಎರಡು ಪುಟ ಬರೆದಿರುವುದು ಇದನ್ನೇ.

1980ರ ದಶಕದ ಕೊನೆಯಲ್ಲಿ ಇದೇ ಕಂಪನಿ ಯುರೋಪ್, ಲ್ಯಾಟಿನ್ ಅಮೆರಿಕದ ಕಡೆ ಸಾಲ ಮಾಡಿ ಕಾರ್ಖಾನೆಗಳನ್ನು ಕೊಂಡಿತು. 1992 ಮತ್ತು 1993ರಲ್ಲಿ ದೊಡ್ಡ ನಷ್ಟ. ಈಗ ಬೋನಸ್‌ನ ಹಿಂದೆ ಹೋಗಿ. ಜರ್ಮನಿಯಲ್ಲಿ ವರ್ಕ್ಸ್ ಕೌನ್ಸಿಲ್, ಅಂದರೆ ಕೆಲಸಗಾರರೇ ಆರಿಸಿದ ಮಂಡಳಿ, ಇರುವ ಕಡೆ ಪೀಸ್ ದರ ಹೇಗಿರಬೇಕು ಅನ್ನುವುದರಲ್ಲಿ ಅದಕ್ಕೂ ಕಾನೂನುಬದ್ಧ ಹಕ್ಕಿದೆ. ಮುಖ್ಯ ಕಚೇರಿಯ ಸುತ್ತೋಲೆ ಸಾಲದು. ಆಗಿನ ಬ್ರೆಜಿಲ್ ಕಾನೂನಿನಲ್ಲಿ ಬೋನಸ್ಸನ್ನು ವಾಡಿಕೆಯಂತೆ ಕೊಡುತ್ತಾ ಬಂದರೆ ಅದು ಸಂಬಳದ ಭಾಗವೇ ಆಗಿಬಿಡುತ್ತಿತ್ತು. ಲಾಭ ಇದ್ದರೆ ಮಾತ್ರ ಕೊಡುವ ದುಡ್ಡು, ಲಾಭ ಇಲ್ಲದಿದ್ದರೂ ಕೊಡಲೇಬೇಕಾದ ದುಡ್ಡಾಯಿತು. ಯುರೋಪಿನ ಎಷ್ಟೋ ಕಡೆ ಹೆಚ್ಚುವರಿ ಗಳಿಕೆಗಿಂತ ರಜೆಯೇ ಮೇಲು ಅನ್ನುವವರು ಜಾಸ್ತಿ ಇದ್ದರು. ಹಾಗಂತ ನಷ್ಟಕ್ಕೆಲ್ಲ ಬೋನಸ್ಸೇ ಕಾರಣ ಅಂತ ಬರೆಯಬೇಡಿ. ಆಗ ಯುರೋಪಿನಲ್ಲಿ ಮಾರುಕಟ್ಟೆಯೇ ಕುಸಿದಿತ್ತು, ಕೊಂಡ ಕಾರ್ಖಾನೆಗಳಿಗೆ ಕೊಟ್ಟ ಬೆಲೆಯೂ ದುಬಾರಿ. ಎಚ್‌ಆರ್ ಪುಸ್ತಕಗಳಿಗೆ ಒಂದು ಚಟ ಇದೆ: ಗೆದ್ದರೂ ಎಚ್‌ಆರ್‌ನಿಂದ, ಸೋತರೂ ಎಚ್‌ಆರ್‌ನಿಂದ!

ಇದೇ ಕಾರಣಕ್ಕೆ ಸಂಸ್ಕೃತಿಯ ಅಧ್ಯಾಯದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ದೇಶದೇಶಗಳ ಸಂಸ್ಕೃತಿಗೆ ಡಚ್ ಸಂಶೋಧಕ ಹಾಫ್‌ಸ್ಟೆಡ್ ಕೊಟ್ಟ ಅಂಕಗಳನ್ನು ನೋಡಿ 'ಈ ದೇಶದವರು ಹೀಗೆ' ಅಂತ ಬರೆದುಬಿಡುವುದು ಸುಲಭ. ಆ ಅಂಕಗಳ ಮೂಲ 1967ರಿಂದ 1973ರ ನಡುವೆ ಐಬಿಎಂ ನೌಕರರಿಂದ ತುಂಬಿಸಿಕೊಂಡ ಪ್ರಶ್ನಾವಳಿ. ಒಂದೇ ಕಂಪನಿ, ಅದೂ ಅರ್ಧ ಶತಮಾನದ ಹಿಂದಿನದು. ಮೇಲಾಗಿ ಅದು ದೇಶದ ಸರಾಸರಿ. ನಿಮ್ಮ ಎದುರು ಕೂತಿರುವ ಅಕೌಂಟೆಂಟ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಒಂದು ಪ್ಯಾರಾ ಬರೆಯಿರಿ, ಸಾಕು.

ಸಂಸ್ಕೃತಿಯೇ ಎಲ್ಲ ಅನ್ನುವವರಿಗೆ ನಾನು ಕೊಡುವ ಉತ್ತರ ನುಮ್ಮಿ ಅನ್ನುವ ಕಾರು ಕಾರ್ಖಾನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್‌ನ ಕಾರ್ಖಾನೆ ಇತ್ತು. ಗೈರುಹಾಜರಿ, ಜಗಳ, ಕಳಪೆ ಕಾರು. 1982ರಲ್ಲಿ ಮುಚ್ಚಿತು. 1984ರಲ್ಲಿ ಜಪಾನಿನ ಟೊಯೊಟಾ ಜೊತೆ ಸೇರಿ ಅದೇ ಜಾಗದಲ್ಲಿ ನುಮ್ಮಿ ಹೆಸರಲ್ಲಿ ಮತ್ತೆ ಕಾರು ಮಾಡಲು ಶುರು ಮಾಡಿದರು. ಕೆಲಸಗಾರರಲ್ಲಿ ಬಹುಪಾಲು ಹಳಬರೇ, ಯೂನಿಯನ್ನೂ ಹಳೆಯದೇ. ಆದರೂ ಗುಣಮಟ್ಟ ಎದ್ದು ಕಾಣುವಷ್ಟು ಸುಧಾರಿಸಿತು, ಗೈರುಹಾಜರಿ ಇಳಿಯಿತು. ಜಪಾನಿನ ಪದ್ಧತಿ ಅಮೆರಿಕದಲ್ಲಿ ನಡೆಯಿತು. ಮಾರಾಟ ಬಿದ್ದಾಗಲೂ ಜನರನ್ನು ತೆಗೆಯದೆ ತರಬೇತಿಗೆ ಹಾಕಿದರು. ಲಿಂಕನ್‌ನ ಭರವಸೆ ನೆನಪಾಯಿತೇ? ಇನ್ನೂ ತಮಾಷೆ ಅಂದರೆ, ಜನರಲ್ ಮೋಟರ್ಸ್ ತನ್ನದೇ ದೇಶದ ಬೇರೆ ಕಾರ್ಖಾನೆಗಳಿಗೆ ಇದನ್ನು ಹಬ್ಬಿಸಲು ವರ್ಷಗಟ್ಟಲೆ ಒದ್ದಾಡಿತು. ಅಲ್ಲಿ ದೇಶದ ಗಡಿಯೇ ಇರಲಿಲ್ಲ.

ಅಮೆರಿಕದ ಅಂಗಡಿ ಸರಣಿ ವಾಲ್‌ಮಾರ್ಟ್ ಜರ್ಮನಿಗೆ ಹೋದ ಕಥೆ ನಿಮಗೆ ಗೊತ್ತಿರುತ್ತದೆ. 1997ರಲ್ಲಿ ಹೋಗಿ 2006ರಲ್ಲಿ ಬಿಟ್ಟು ಬಂದರು. ಎಲ್ಲರೂ ಗ್ರಾಹಕರನ್ನು ನೋಡಿ ನಗುವ ನಿಯಮದ ಬಗ್ಗೆಯೇ ಬರೆಯುತ್ತಾರೆ. ನೀವು 2005ರ ಕೋರ್ಟ್ ತೀರ್ಪಿನ ಬಗ್ಗೆ ಬರೆಯಿರಿ. ಸಿಬ್ಬಂದಿಯ ಪ್ರೇಮ ಸಂಬಂಧಗಳಿಗೂ ಕೈಹಾಕುವ ನೀತಿಸಂಹಿತೆಯನ್ನು ವರ್ಕ್ಸ್ ಕೌನ್ಸಿಲ್ ಒಪ್ಪಿಗೆ ಇಲ್ಲದೆ ತಂದಿದ್ದರು, ಕೋರ್ಟ್ ಅದರ ಭಾಗಗಳನ್ನು ತಳ್ಳಿಹಾಕಿತು. ಅಲ್ಲಿನ ಅಗ್ಗದ ಅಂಗಡಿ ಸರಣಿಗಳಾದ ಆಲ್ಡಿ, ಲಿಡ್ಲ್ ಎದುರಿನ ಬೆಲೆಯ ಪೈಪೋಟಿಯನ್ನೂ ಮರೆಯಬೇಡಿ.

ಕಚೇರಿಯಲ್ಲಿ ಇದು ಹೇಗಿರುತ್ತದೆ ಅಂತ ಒಂದು ಸ್ಯಾಂಪಲ್ ಕೊಡುತ್ತೇನೆ. ನಾನು ಹಿಂದೆ ಇದ್ದ ಒಂದು ಕಡೆ ಮುಖ್ಯ ಕಚೇರಿಯಿಂದ ಎಕ್ಸೆಲ್ ಫೈಲ್ ಬಂತು. ಪ್ರತಿ ದೇಶದ ತಂಡದಲ್ಲೂ 10% ಜನ ಕೊನೆಯ ರೇಟಿಂಗ್‌ನಲ್ಲಿ ಇರಲೇಬೇಕು, ಇಲ್ಲದಿದ್ದರೆ ಸಾಲು ಕೆಂಪಾಗುತ್ತದೆ, ಫೈಲ್ ಸಬ್‌ಮಿಟ್ ಆಗುವುದಿಲ್ಲ. ಒಂದು ದೇಶದಲ್ಲಿ ಇದ್ದವರೇ ಎಂಟು ಜನ. 10% ಅಂದರೆ 0.8 ಮನುಷ್ಯ. "ಯಾರ ಎಷ್ಟು ಭಾಗ ಹಾಕಲಿ?" ಅಂತ ಅಲ್ಲಿನ ಮ್ಯಾನೇಜರ್ ಕೇಳಿದರು. ಜರ್ಮನಿಯವರ ಉತ್ತರ ಇನ್ನೂ ಚಿಕ್ಕದು: ವರ್ಕ್ಸ್ ಕೌನ್ಸಿಲ್ ಒಪ್ಪುವ ತನಕ ನಾವು ಫೈಲ್ ತೆರೆಯುವುದೇ ಇಲ್ಲ. ಸ್ಟ್ರಾಟಜಿ ಬರೆದವರ ಸ್ಲೈಡ್ ಚೆನ್ನಾಗಿಯೇ ಇತ್ತು. ಕೊನೆಗೆ ಕೆಂಪು ಸಾಲಿನ ಲಾಕ್ ತೆಗೆದು, 10% ಅನ್ನುವುದು ಬರೀ ಸೂಚನೆ ಅಂತ ಮಾಡಿದರು.

ಹಾಗಾದರೆ ಕೇಸ್‌ಗೆ ಉತ್ತರ ಬರೆಯುವುದು ಹೇಗೆ? ಈ ಕಂಪನಿಗೆ ದುಡ್ಡು ಬರುವುದು ಯಾವುದರಿಂದ ಅಂತ ಮೊದಲು ಎರಡು ಸಾಲು. ಆ ದುಡ್ಡಿಗೆ ಯಾವ ಪದ್ಧತಿ ಆಧಾರ, ಅದು ಯಾವ ಬೇರೆ ಪದ್ಧತಿಗಳ ಮೇಲೆ ನಿಂತಿದೆ ಅಂತ ಆಮೇಲೆ. ಹೊಸ ದೇಶದ ಕಾನೂನು, ಯೂನಿಯನ್, ಸಂಬಳದ ರೂಢಿ ಅದರಲ್ಲಿ ಯಾವುದನ್ನು ಬಿಡುತ್ತದೆ, ಯಾವುದನ್ನು ತಡೆಯುತ್ತದೆ ಅನ್ನುವುದಕ್ಕೆ ಜಾಸ್ತಿ ಜಾಗ ಕೊಡಿ. ಮ್ಯಾನೇಜ್‌ಮೆಂಟ್ ಸಂಶೋಧಕ ಪರ್ಲ್‌ಮಟರ್ 1969ರಲ್ಲಿ ಹೇಳಿದ ವಿಂಗಡಣೆ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮುಖ್ಯ ಕಚೇರಿಯ ರೀತಿಯೇ ಸರಿಯೋ, ಆಯಾ ದೇಶದ್ದು ಸರಿಯೋ, ಅಥವಾ ಎಲ್ಲಿಯದಾದರೂ ಸರಿ, ಒಳ್ಳೆಯದನ್ನು ಆರಿಸುವುದೋ. ಆದರೆ ಇಡೀ ಕಂಪನಿಗೆ ಒಂದೇ ಹಣೆಪಟ್ಟಿ ಹಚ್ಚಬೇಡಿ. ಹಣಕಾಸಿನ ಮುಖ್ಯಸ್ಥರನ್ನು ಮುಖ್ಯ ಕಚೇರಿಯಿಂದ ಕಳಿಸಿ, ಮಾರಾಟಕ್ಕೆ ಅಲ್ಲಿಯವರನ್ನೇ ಇಟ್ಟುಕೊಳ್ಳುವ ಕಂಪನಿಗಳು ಬೇಕಾದಷ್ಟಿವೆ.

ಪುಸ್ತಕದ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ವಿದೇಶಕ್ಕೆ ಕಳಿಸಿದ ಮ್ಯಾನೇಜರ್‌ಗಳಲ್ಲಿ ಇಷ್ಟೊಂದು ಜನ ಸೋತು ವಾಪಸ್ ಬರುತ್ತಾರೆ ಅಂತ ದೊಡ್ಡ ಶೇಕಡಾವಾರು ಓದಿರುತ್ತೀರಿ. ಆನ್-ವಿಲ್ ಹಾರ್ಜಿಂಗ್ ಅನ್ನುವ ಸಂಶೋಧಕಿ 1995ರಲ್ಲಿ ಅದರ ಮೂಲ ಹುಡುಕುತ್ತಾ ಹೋದರು. ಒಬ್ಬರು ಇನ್ನೊಬ್ಬರನ್ನು ಉದ್ಧರಿಸುತ್ತಾ ಬಂದಿದ್ದರೇ ಹೊರತು ಕೆಳಗೆ ಗಟ್ಟಿ ದಾಖಲೆ ಇರಲಿಲ್ಲ. ಆ ಲೇಖನ ಸಿಕ್ಕರೆ ಪೂರ್ತಿ ಓದಿ.

ಕೆಲಸದ ವಿಷಯ: ಮೊದಲ ಕೆಲಸದಲ್ಲೇ ಯಾರೂ ಸ್ಟ್ರಾಟಜಿ ಮಾಡಿಸುವುದಿಲ್ಲ. ಪೇರೋಲ್, ಡೇಟಾ, ವಿದೇಶಕ್ಕೆ ವರ್ಗವಾದವರ ವೀಸಾ ಮತ್ತು ತೆರಿಗೆ ಕಾಗದ, ಇಂಥದ್ದೇ ಸಿಗುತ್ತದೆ. ಬೇಡ ಅನ್ನಬೇಡಿ, ಪದ್ಧತಿಗಳು ಎಲ್ಲಿ ಸಿಕ್ಕಿಕೊಳ್ಳುತ್ತವೆ ಅಂತ ಗೊತ್ತಾಗುವುದು ಅಲ್ಲೇ. ಎಕ್ಸೆಲ್ ಗಟ್ಟಿ ಮಾಡಿಕೊಳ್ಳಿ. ಯಾವುದಾದರೂ ಎರಡು ದೇಶಗಳ ಕಾರ್ಮಿಕ ಕಾನೂನನ್ನು ಪಕ್ಕಪಕ್ಕ ಇಟ್ಟು ಓದಿ, ಅಮೆರಿಕ ಮತ್ತು ಜರ್ಮನಿ ಆದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ, ಜನರ ಖಾಸಗಿ ಮಾಹಿತಿ ಕಾಪಾಡುವ ಕಾನೂನು ಜಿಡಿಪಿಆರ್ ನೌಕರರ ಮಾಹಿತಿಗೂ ಅನ್ವಯಿಸುತ್ತದೆ, ಅದರ ಮೇಲೂ ಒಮ್ಮೆ ಕಣ್ಣಾಡಿಸಿ. ಎಸ್‌ಎಚ್‌ಆರ್‌ಎಂ, ಸಿಐಪಿಡಿ ಅನ್ನುವ ಎಚ್‌ಆರ್ ವೃತ್ತಿಪರರ ಸಂಸ್ಥೆಗಳ ಸರ್ಟಿಫಿಕೇಟ್‌ಗಳಿಗೆ ಈಗಲೇ ದುಡ್ಡು ಸುರಿಯುವ ಅಗತ್ಯ ಇಲ್ಲ. ಒಂದೆರಡು ವರ್ಷ ಕೆಲಸ ಮಾಡಿ, ಆಮೇಲೂ ಬೇಕು ಅನಿಸಿದರೆ ಮಾಡಿಕೊಳ್ಳಿ.