ಹೊಸ ಬೇಸ್ ಗಿಟಾರನ್ನು ಕಾರ್ಖಾನೆಯಲ್ಲೇ ಹಳತಾಗಿಸುವುದೇಕೆ? ಅದರಿಂದ ನಾದ ಬದಲಾಗುತ್ತದೆಯೇ?

ನಾದ ಬದಲಾಗುವುದಿಲ್ಲ ಎಂದೇ ಹೇಳಬೇಕು. ಬದಲಾಗುವುದು ನೋಟ ಮತ್ತು ಮುಖ್ಯವಾಗಿ ಕೈಗೆ ಸಿಗುವ ಅನುಭವ.

ಗಿಟಾರ್ ತಯಾರಿಸುವ ಫೆಂಡರ್ ಕಂಪನಿಯ ಕಸ್ಟಮ್ ಶಾಪ್ (ವಿಶೇಷ ವಾದ್ಯಗಳನ್ನು ತಯಾರಿಸುವ ವಿಭಾಗ) 1990ರ ದಶಕದ ಮಧ್ಯಭಾಗದಲ್ಲಿ ‘ರೆಲಿಕ್’ ಎಂಬ ಹೆಸರಿನಲ್ಲಿ ಹಳತಾಗಿಸಿದ ಗಿಟಾರ್‌ಗಳನ್ನು ಮಾರುಕಟ್ಟೆಗೆ ತಂದಿತು. 2009ರ ‘ರೋಡ್ ವೋರ್ನ್’ ಸರಣಿಯಲ್ಲಿ, 1951ರಲ್ಲಿ ಹುಟ್ಟಿದ ಪ್ರಿಸಿಷನ್ ಬೇಸ್ ಮತ್ತು 1960ರಲ್ಲಿ ಬಂದ ಜಾಝ್ ಬೇಸ್ ಎಂಬ ಫೆಂಡರ್‌ನ ಎರಡೂ ಬೇಸ್ ಮಾದರಿಗಳಿಗೆ ಇಂತಹ ರೂಪ ದೊರೆಯಿತು.

ಇದಕ್ಕೆ ಸಾಮಾನ್ಯವಾಗಿ ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆಯನ್ನು ಬಳಸುತ್ತಾರೆ. ದಪ್ಪನೆಯ ಪಾಲಿಯೆಸ್ಟರ್ ಲೇಪನಕ್ಕಿಂತ ತೆಳುವಾದ ಈ ಲೇಪನ ಬೇಗ ಸವೆಯುತ್ತದೆ, ಕಾಲಕ್ರಮೇಣ ಹಳದಿಗೆ ತಿರುಗುತ್ತದೆ, ಬಿಸಿಯಿಂದ ತಂಪಿಗೆ ಥಟ್ಟನೆ ಒಡ್ಡಿದರೆ ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಮುಂಗೈ ಒರಗುವ ಅಂಚಿನಲ್ಲಿ ಬಣ್ಣವನ್ನು ಉಜ್ಜಿ ತೆಗೆದು, ಲೋಹದ ಭಾಗಗಳ ಹೊಳಪನ್ನು ರಾಸಾಯನಿಕಗಳಿಂದ ಮಂಕಾಗಿಸುತ್ತಾರೆ.

ನನ್ನ ದೃಷ್ಟಿಯಲ್ಲಿ ಹಣ ಕೊಡಲು ಯೋಗ್ಯವಾದುದು ಗಿಟಾರಿನ ಕುತ್ತಿಗೆಯ, ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗದ, ಕೆಲಸ. ಹಿಂಬದಿಯ ಮೆರುಗನ್ನು ನಯವಾಗಿ ಸವೆಸಿ, ಫಿಂಗರ್‌ಬೋರ್ಡಿನ (ಬೆರಳಿನಿಂದ ತಂತಿ ಒತ್ತುವ ಮುಂಬದಿಯ ಹಲಗೆಯ) ಅಂಚುಗಳನ್ನು ದುಂಡಗಾಗಿಸಿದ್ದರೆ, ಬೆವರಿದ ಅಂಗೈ ಅಂಟದೆ ಸರಾಗವಾಗಿ ಜಾರುತ್ತದೆ; 34 ಇಂಚಿನ ಸ್ಕೇಲಿನ (ಮಿಡಿಯುವ ತಂತಿಯ ಉದ್ದದ) ಉದ್ದನೆಯ ವಾದ್ಯದಲ್ಲಿ ಎಡಗೈ ಬಹುದೂರ ಚಲಿಸಬೇಕಾದ್ದರಿಂದ ಇದು ಅಲಂಕಾರದ ಮಾತಲ್ಲ. ನಾದವನ್ನು ನಿರ್ಧರಿಸುವುದು ಬಹುಮಟ್ಟಿಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ತಂತಿ ಮತ್ತು ನುಡಿಸುವ ಬೆರಳು.

ಕೊಳ್ಳುವ ಮುನ್ನ ಟ್ರಸ್ ರಾಡ್ (ಕುತ್ತಿಗೆಯೊಳಗಿದ್ದು ಅದರ ಬಾಗನ್ನು ಸರಿಪಡಿಸುವ ಲೋಹದ ಸರಳು) ಸರಿಯಾಗಿ ತಿರುಗುತ್ತದೆಯೇ, ಬ್ರಿಡ್ಜಿನ (ದೇಹದ ಮೇಲೆ ತಂತಿಗಳನ್ನು ಹೊತ್ತಿರುವ ಭಾಗದ) ತಿರುಪುಗಳು ತುಕ್ಕಿನಿಂದ ಬಿಗಿದುಕೊಂಡಿವೆಯೇ ಎಂಬುದನ್ನು ತಪ್ಪದೆ ಪರೀಕ್ಷಿಸಿ, ಏಕೆಂದರೆ ಸವೆತ ಮೇಲ್ಮೈಯಲ್ಲಿ ಮಾತ್ರ ಇರಬೇಕು.