ಥೆರಪಿಸ್ಟ್ ತುಂಬಾ ಒಳ್ಳೆಯವರು, ಆದರೆ ಅವರಿಗೆ ನಿಜ ಹೇಳಲು ಆಗುತ್ತಿಲ್ಲ. ಬೇರೆಯವರ ಹತ್ತಿರ ಹೋಗಲಾ?

"ಮತ್ತೆ ವಾಂತಿ ಮಾಡ್ತಿದ್ದೀನಿ ಅಂದ್ರೆ ಅವರಿಗೆ ಬೇಜಾರಾಗುತ್ತೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಾನೂ ಹೀಗೇ ಇದ್ದೆ.

ನನಗಿದ್ದದ್ದು ಬುಲಿಮಿಯಾ, ಅಂದರೆ ವಿಪರೀತ ತಿನ್ನುವುದು, ಆಮೇಲೆ ವಾಂತಿ ಮಾಡಿ ಹೊರಹಾಕುವುದು. ಚಿಕಿತ್ಸೆ ಸಿಬಿಟಿ-ಇ, ಇಂಥ ತಿನ್ನುವ ಸಮಸ್ಯೆಗಳಿಗೆಂದೇ ಇರುವ ಮಾತಿನ ಚಿಕಿತ್ಸೆ. 20 ವಾರ, 20 ಸೆಷನ್, ಮೊದಲ 4 ವಾರ ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ಎರಡು ವಾರಕ್ಕೊಮ್ಮೆ. ತಿಂದದ್ದು, ವಾಂತಿ ಮಾಡಿದ್ದು, ಆಗ ಮನಸ್ಸಿನಲ್ಲಿ ಏನಿತ್ತು ಅನ್ನುವುದು, ಎಲ್ಲವನ್ನೂ ಆಗಿಂದಾಗಲೇ ಡೈರಿಯಲ್ಲಿ ಬರೆಯಬೇಕು. ಮೊದಲ ವಾರ ಪ್ರಾಮಾಣಿಕವಾಗಿ ಬರೆದೆ. ಎರಡನೇ ವಾರ ವಾಂತಿ ನಿಜವಾಗಿಯೂ ಕಮ್ಮಿಯಾಯಿತು. ಡೈರಿ ನೋಡಿ ಮೇಡಂ ಮುಖ ಅರಳಿತು. ನಾನು ಕೆಟ್ಟದ್ದು ಅಲ್ಲೇ. ಆ ಮುಖ ಮತ್ತೆ ನೋಡಬೇಕು ಅನ್ನಿಸಿತು.

ಮೂರನೇ ವಾರದಿಂದ ಸೆಷನ್‌ನ ಹಿಂದಿನ ರಾತ್ರಿ ಕೂತು ಎಲ್ಲ ದಿನಗಳನ್ನೂ ಒಟ್ಟಿಗೆ ಬರೆಯತೊಡಗಿದೆ, ರಜೆಯ ಕೊನೇ ದಿನ ಹೋಂವರ್ಕ್ ಮುಗಿಸುವ ಮಕ್ಕಳ ಹಾಗೆ. ಮೊದಲ ವಾರದ ಹಾಳೆಗಳು ಬ್ಯಾಗಿನಲ್ಲಿ ಮುದುಡಿದ್ದವು, ಅರ್ಧ ಪೆನ್ನು, ಅರ್ಧ ಪೆನ್ಸಿಲ್. ಈ ಹೊಸ ಹಾಳೆಗಳಲ್ಲಿ ಒಂದೇ ನೀಲಿ ಪೆನ್ನು, ದುಂಡು ಅಕ್ಷರ, ಒಂದು ಚಿತ್ತಿಲ್ಲ.

ಇದರಿಂದ ಏನಾಯಿತು ಗೊತ್ತಾ? ಮುಂದೆ ಏನು ಮಾಡಬೇಕು ಅಂತ ಅವರು ನಿರ್ಧರಿಸುವುದೇ ಆ ಡೈರಿ ನೋಡಿ. ಹಾಗಾಗಿ ಚಿಕಿತ್ಸೆ ನಡೆದದ್ದು ಡೈರಿಯಲ್ಲಿದ್ದ ಹುಡುಗಿಗೆ. ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ. ಈ ಚಿಕಿತ್ಸೆಯಲ್ಲಿ ಮೊದಲ ಕೆಲವು ವಾರದ ಬದಲಾವಣೆಗೆ ಬೆಲೆ ಜಾಸ್ತಿ. ಅದು ಮುಗಿದ ಮೇಲೆ ಏನು ಅಡ್ಡ ಬರುತ್ತಿದೆ ಅಂತ ಇಬ್ಬರೂ ಕೂತು ನೋಡುತ್ತಾರೆ. ನಾವೂ ನೋಡಿದೆವು. ನನ್ನ ಹಾಳೆಗಳಲ್ಲಿ ಅಡ್ಡ ಬರುವುದು ಏನೂ ಇರಲಿಲ್ಲ!

11ನೇ ವಾರ ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬಿದ್ದೆ. ಪದೇ ಪದೇ ವಾಂತಿಯಾದರೆ ಪೊಟ್ಯಾಸಿಯಂ ಇಳಿಯುತ್ತದೆ, ತೀರಾ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ.

ಆಮೇಲಿನ ಸೆಷನ್‌ನಲ್ಲಿ ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಕಾಯುತ್ತಿದ್ದೆ. ಮೇಡಂ ಹಾಳೆಗಳನ್ನು ತಿರುವಿ, "ನೀಲಿ ಪೆನ್ನು ನೋಡಿದ್ದೆ. ನೀವೇ ಹೇಳಲಿ ಅಂತ ಕಾದೆ, ಅದು ನನ್ನ ತಪ್ಪು, ಕೇಳಬೇಕಿತ್ತು" ಅಂದರು. ನಿಜವಾದ ಕೆಲಸ ಶುರುವಾದದ್ದು ಅವತ್ತು.

ಅದಕ್ಕೇ ಹೇಳುತ್ತಿರುವುದು, ಬೇರೆಯವರ ಹತ್ತಿರ ಹೋಗುವ ಮಾತು ಬಿಡಿ. ಹೊಸಬರೂ ಒಳ್ಳೆಯವರೇ ಸಿಕ್ಕರೆ ಅವರ ಮುಂದೆಯೂ ಇದೇ ನಾಟಕ, ಅಲ್ವಾ? (ನಿಮ್ಮ ಮೈ ಬಗ್ಗೆ ಟೀಕೆ ಮಾಡುವವರು, ತೂಕದ ವಿಷಯಕ್ಕೆ ಗದರುವವರಾದರೆ ಮಾತ್ರ ಹಿಂದೆಮುಂದೆ ನೋಡದೆ ಬಿಟ್ಟುಬಿಡಿ.) ನಿಮ್ಮ ಈಗಿನ ಥೆರಪಿಸ್ಟ್‌ಗೆ ಬೇಜಾರಾದರೆ ಆಗಲಿ. ಹೇಳಿಕೊಳ್ಳಲು ಅವರಿಗೂ ಸಾಮಾನ್ಯವಾಗಿ ಸೂಪರ್‌ವೈಸರ್, ಅಂದರೆ ಸಲಹೆ ಕೊಡುವ ಹಿರಿಯ ಥೆರಪಿಸ್ಟ್, ಇರುತ್ತಾರೆ, ಸಮಾಧಾನ ಮಾಡುವ ಕೆಲಸ ನಿಮ್ಮದಲ್ಲ. ಬಾಯಲ್ಲಿ ಬರದಿದ್ದರೆ ಇಲ್ಲಿ ಬರೆದ ಪ್ರಶ್ನೆಯನ್ನೇ ತೋರಿಸಿ.

ರಕ್ತ ಪರೀಕ್ಷೆಗೆ ಮಾತ್ರ ಮುಂದಿನ ಸೆಷನ್ ತನಕ ಕಾಯಬೇಡಿ. ನಾಳೆಯೇ ಡಾಕ್ಟರ್ ಹತ್ತಿರ ಹೋಗಿ. ಎದೆ ಡವಡವ ಅನ್ನುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ಇವತ್ತೇ.