ಓದುಗರ ಪ್ರಶ್ನೆ: ಪ್ರಾಣಿಗಳ ಕಾನೂನನ್ನು ತರಗತಿಯಲ್ಲಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಮಾನ್ಯರೇ, ನಾನು ಚಿತ್ರದುರ್ಗದಲ್ಲಿ ಕಾನೂನು ಉಪನ್ಯಾಸಕಿಯಾಗಿದ್ದೇನೆ. ಈ ವರ್ಷ 14 ವಿದ್ಯಾರ್ಥಿಗಳು ಪ್ರಾಣಿಗಳಿಗೆ ಸಂಬಂಧಿಸಿದ ಕಾನೂನನ್ನು ಕಲಿಯಬೇಕೆಂದು ಬಂದಿದ್ದಾರೆ. ಶನಿವಾರ ಮಧ್ಯಾಹ್ನ ಅವರಿಗಾಗಿ ತರಗತಿ ನಡೆಸಲು ಅನುಮತಿಯೂ ಸಿಕ್ಕಿದೆ. ಆದರೆ ಸಹೋದ್ಯೋಗಿಗಳು ‘ನಾಯಿ, ಬೆಕ್ಕಿನ ಕಾನೂನು’ ಎಂದು ನಗುತ್ತಾರೆ. ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಕುರಿ ಸಾಕುವ ಮನೆಗಳಿಂದ ಬಂದವರು. ಪ್ರಾಣಿಬಲಿಯ ಮಾತು ಬಂದ ದಿನ ಅವರೆಲ್ಲ ತಲೆ ತಗ್ಗಿಸಿ ಕುಳಿತುಬಿಟ್ಟರು. ಈ ವಿಷಯವನ್ನು ಎಲ್ಲಿಂದ ಆರಂಭಿಸಲಿ, ಹೇಗೆ ನಡೆಸಲಿ?
– ಉಪನ್ಯಾಸಕಿ, ಚಿತ್ರದುರ್ಗ

ಉತ್ತರ: ನಗುವವರ ವಿಚಾರವನ್ನು ಮೊದಲು ಮುಗಿಸೋಣ. ಅಮೆರಿಕದ ಪೋರ್ಟ್‌ಲೆಂಡ್ ನಗರದ ಲೂಯಿಸ್ ಅಂಡ್ ಕ್ಲಾರ್ಕ್ ಕಾನೂನು ಶಾಲೆಯಲ್ಲಿ 2012ರಿಂದ ಈ ಒಂದೇ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇದೆ. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವಿದೆ. ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ನಿಮ್ಮ ವಿದ್ಯಾರ್ಥಿಗಳ ಕೆಲಸವೇ ಹೇಳಲಿ.

ಎಲ್ಲಿಂದ ಆರಂಭಿಸಬೇಕು ಎಂಬುದು ನಿಜವಾದ ಪ್ರಶ್ನೆ. ಸಾಮಾನ್ಯವಾಗಿ ನಾವೆಲ್ಲರೂ ಸಂವಿಧಾನದ 51ಎ(ಜಿ) ವಿಧಿಯಿಂದ, ಅಂದರೆ ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎನ್ನುವ ಮಾತಿನಿಂದ ಪಾಠ ತೆಗೆಯುತ್ತೇವೆ. ನಾನೂ ಹಾಗೆಯೇ ಮಾಡಿ ಪೆಟ್ಟು ತಿಂದವನು. ದಾವಣಗೆರೆಯಲ್ಲಿ ಅತಿಥಿ ಉಪನ್ಯಾಸಕನಾಗಿದ್ದ ಕಾಲದಲ್ಲಿ ಎರಡು ತಿಂಗಳು ಹಕ್ಕು, ಕರ್ತವ್ಯ, ಅನುಕಂಪಗಳ ಬಗ್ಗೆ ಬಹಳ ಚೆನ್ನಾಗಿ ಪಾಠ ಮಾಡಿದೆನೆಂದು ಬೀಗುತ್ತಿದ್ದೆ. ಅಷ್ಟರಲ್ಲಿ ಮೂವರು ವಿದ್ಯಾರ್ಥಿಗಳು ಮೊಬೈಲಿನಲ್ಲಿ ಒಂದು ಚಿತ್ರ ತಂದರು: ಹೆಗಲ ಹುಣ್ಣಿನ ಮೇಲೆಯೇ ನೊಗ ಹೊತ್ತು, ಮೆಕ್ಕೆಜೋಳದ ಚೀಲಗಳ ಗಾಡಿಯನ್ನು ಎಳೆಯಲಾರದೆ ಮುಗ್ಗರಿಸಿದ್ದ ಎತ್ತು. ನನ್ನ ಮೇಲ್ವಿಚಾರಣೆಯಲ್ಲಿ ಅವರು ಆರು ಪುಟಗಳ ದೂರನ್ನು ಬರೆದರು. ಅದರಲ್ಲಿ ಸಂವಿಧಾನವಿತ್ತು, ಸರ್ವೋಚ್ಚ ನ್ಯಾಯಾಲಯದ ತೀರ್ಪಿತ್ತು, ಕಣ್ಣೀರು ತರಿಸುವ ವರ್ಣನೆಯಿತ್ತು. ಘಟನೆಯ ವೇಳೆ ಇರಲಿಲ್ಲ, ಗಾಡಿಯ ಗುರುತಿರಲಿಲ್ಲ, ಪಶುವೈದ್ಯಾಧಿಕಾರಿಯ ಒಂದು ಸಾಲಿನ ವರದಿಯೂ ಇರಲಿಲ್ಲ. ಠಾಣೆಯಲ್ಲಿ ‘ಇದು ಅಸಂಜ್ಞೇಯ ಅಪರಾಧ (ಅಂದರೆ ಪೊಲೀಸರು ತಾವಾಗಿಯೇ ತನಿಖೆ ನಡೆಸಲಾಗದ ಅಪರಾಧ), ನ್ಯಾಯಾಲಯದ ಅನುಮತಿ ತನ್ನಿ’ ಎಂದರು. ಪರೀಕ್ಷೆಗಳು ಬಂದವು, ರಜೆ ಬಂದಿತು. ನಾವು ನ್ಯಾಯಾಲಯದ ಮೆಟ್ಟಿಲು ಹತ್ತುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. ಪ್ರಾಣಿಹಿಂಸೆ ತಡೆ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದ ದಿನದಿಂದ ಮೂರು ತಿಂಗಳ ನಂತರ ಮೊಕದ್ದಮೆ ಹೂಡುವಂತಿಲ್ಲ. ಆ ಸೆಕ್ಷನ್ ನನಗೆ ಗೊತ್ತಿತ್ತು, ಆದರೆ ನಾನು ಅದನ್ನು ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಠಾಣೆಯವರನ್ನು ದೂರಿ ಪ್ರಯೋಜನವಿರಲಿಲ್ಲ, ತಪ್ಪು ನನ್ನದೇ.

ಅಂದಿನಿಂದ ನಾನು ಪಾಠವನ್ನು 1960ರ ಆ ಕಾಯ್ದೆಯ ಸಣ್ಣ ಅಕ್ಷರಗಳಿಂದ ಆರಂಭಿಸುತ್ತೇನೆ. 11ನೇ ಸೆಕ್ಷನ್ ಹೊಡೆಯುವುದು, ಮಿತಿಮೀರಿ ಹೊರೆ ಹೊರಿಸುವುದು, ಹುಣ್ಣಾದ ಪ್ರಾಣಿಯನ್ನು ದುಡಿಸುವುದು, ಇಕ್ಕಟ್ಟಾದ ಪಂಜರದಲ್ಲಿ ಕೂಡಿಹಾಕುವುದು ಇತ್ಯಾದಿಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಮೊದಲ ಅಪರಾಧಕ್ಕೆ ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಈ ಅಂಕಿಯನ್ನು ಹಲಗೆಯ ಮೇಲೆ ಬರೆದು ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಡಿ. ಆಮೇಲೆ 31ನೇ ಸೆಕ್ಷನ್ ಓದಿಸಿ: ಈ ಕಾಯ್ದೆಯ ಕೆಲವೇ ಅಪರಾಧಗಳು ಸಂಜ್ಞೇಯ, ಉಳಿದವುಗಳಲ್ಲಿ ಪೊಲೀಸರು ದಂಡಾಧಿಕಾರಿಯ ಆದೇಶವಿಲ್ಲದೆ ತನಿಖೆ ನಡೆಸುವಂತಿಲ್ಲ. ಬಳಿಕ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪಕ್ಕದಲ್ಲಿಡಿ. ಅಲ್ಲಿ ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಅಂಗವಿಕಲಗೊಳಿಸುವುದು ಸಂಜ್ಞೇಯ ಅಪರಾಧ, ಐದು ವರ್ಷಗಳವರೆಗೆ ಸೆರೆವಾಸವಿದೆ. ಆದರೆ ಆ ಸೆಕ್ಷನ್‌ಗೆ ಆಧಾರವಾದ ‘ಕಿಡಿಗೇಡಿತನ’ ಎಂಬುದು ಯಾರಿಗೋ ನಷ್ಟ ಉಂಟುಮಾಡುವ ಅಪರಾಧ. ಹಾಗಾದರೆ ಒಡೆಯನಿಲ್ಲದ ಬೀದಿನಾಯಿಗೆ ವಿಷವಿಕ್ಕಿದರೆ ನಷ್ಟವಾದದ್ದು ಯಾರಿಗೆ? ಈ ಒಂದು ಪ್ರಶ್ನೆಗೆ ನಿಮ್ಮ 14 ಮಂದಿ ಒಂದು ಗಂಟೆ ವಾದಿಸದಿದ್ದರೆ ನನಗೆ ಪತ್ರ ಬರೆಯಿರಿ.

ಕೈಯಿಂದ ಮಾಡುವ ಕೆಲಸವೂ ಬೇಕು. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಬಗ್ಗೆ 1965ರ ನಿಯಮಗಳಿವೆ: ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು. ನಮ್ಮ ಏಪ್ರಿಲ್ ಬಿಸಿಲಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಥರ್ಮಾಮೀಟರ್ ಕೊಟ್ಟು ಮಾರುಕಟ್ಟೆಯ ರಸ್ತೆಗೆ ಕಳುಹಿಸಿ. ಒಂದು ಷರತ್ತು ಹಾಕಿ: ಗಾಡಿಯವರನ್ನು ಗದರಿಸಕೂಡದು, ಅವರ ಅನುಮತಿಯಿಲ್ಲದೆ ಚಿತ್ರ ತೆಗೆಯಕೂಡದು, ಅವರ ದಿನದ ಬಾಡಿಗೆ ಎಷ್ಟು, ಮೇವಿನ ಖರ್ಚೆಷ್ಟು, ಹೊರೆಯನ್ನು ನಿರ್ಧರಿಸುವವರು ಯಾರು ಎಂದು ಕೇಳಿ ಬರೆದುಕೊಂಡು ಬರಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಚೀಲಗಳ ಲೆಕ್ಕ ನಿರ್ಧರಿಸುವವನು ನೆರಳಿನಲ್ಲಿ ಕುಳಿತಿರುತ್ತಾನೆ, ದಂಡ ಕಟ್ಟುವವನು ಎತ್ತಿನ ಪಕ್ಕದಲ್ಲಿ ಬಿಸಿಲಿನಲ್ಲಿ ನಿಂತಿರುತ್ತಾನೆ. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಯು ಬರೆಯುವ ದೂರಿನಲ್ಲಿ ಆರೋಪಿಯ ಹೆಸರೇ ಬದಲಾಗಬಹುದು. ಹಿಂದಿರುಗಿದ ಮೇಲೆ ದಿನಾಂಕ, ವೇಳೆ, ಸ್ಥಳ, ಸೆಕ್ಷನ್, ಸಾಕ್ಷಿ, ಬೇಕಾದ ಪರಿಹಾರ ಇಷ್ಟೇ ಇರುವ ಒಂದು ಪುಟದ ದೂರನ್ನು ಬರೆಸಿ, ಕೆಂಪು ಶಾಯಿಯಲ್ಲಿ ತಿದ್ದಿ, ಮತ್ತೆ ಬರೆಸಿ. ಗುರುವಿನ ನಿಜವಾದ ಕೆಲಸ ಆ ಕೆಂಪು ಶಾಯಿಯಲ್ಲಿದೆ.

ಇನ್ನು ತಲೆ ತಗ್ಗಿಸಿ ಕುಳಿತವರ ವಿಚಾರ. ಅವರನ್ನು ಆರೋಪಿಗಳ ಜಾಗದಲ್ಲಿ ಕೂರಿಸಿದ್ದೇವೆಂಬುದು ನಮಗೇ ತಿಳಿದಿರುವುದಿಲ್ಲ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಪ್ರಾಣಿಬಲಿ ನಿಷೇಧದ ಪ್ರಕಟಣೆಯೂ ಬರುತ್ತದೆ. ಅದರ ಹಿಂದಿರುವುದು ನಮ್ಮ ರಾಜ್ಯದ 1959ರ ಪ್ರಾಣಿಬಲಿ ತಡೆ ಕಾಯ್ದೆ. ಸಾರ್ವಜನಿಕ ಪೂಜಾಸ್ಥಳದಲ್ಲಿ, ಅದರ ಆವರಣದಲ್ಲಿ, ಬೀದಿಯಲ್ಲಿ ನಡೆಯುವ ಧಾರ್ಮಿಕ ಮೆರವಣಿಗೆಯಲ್ಲಿ ಬಲಿ ಕೊಡುವುದನ್ನು ಅದು ನಿಷೇಧಿಸುತ್ತದೆ. ಆದರೆ ಅದರ ಮರುವರ್ಷ ಬಂದ ಕೇಂದ್ರ ಕಾಯ್ದೆಯ 28ನೇ ಸೆಕ್ಷನ್, ಯಾವುದೇ ಸಮುದಾಯದ ಧರ್ಮ ವಿಧಿಸುವ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಆ ಕಾಯ್ದೆಯ ಮಟ್ಟಿಗೆ ಅಪರಾಧವಲ್ಲ ಎನ್ನುತ್ತದೆ. ಎರಡೂ ಜಾರಿಯಲ್ಲಿವೆ. ಎರಡನ್ನೂ ಒಟ್ಟಿಗೆ ಓದುವುದು ಹೇಗೆಂದು ಕುರಿ ಸಾಕುವ ಮನೆಯ ವಿದ್ಯಾರ್ಥಿಯನ್ನೇ ಕೇಳಿ. ಅಣಕು ನ್ಯಾಯಾಲಯದಲ್ಲಿ ಅವನಿಗೆ ಸರ್ಕಾರದ ಪರವಾಗಿಯೂ, ಮಾಂಸ ತಿನ್ನದ ಮನೆಯ ವಿದ್ಯಾರ್ಥಿನಿಗೆ ಭಕ್ತರ ಪರವಾಗಿಯೂ ವಾದಿಸಲು ಕೊಡಿ. ತನ್ನ ಮನೆಯ ನಂಬಿಕೆಗೆ ಎದುರಾಗಿ ಒಮ್ಮೆ ಗಂಭೀರವಾಗಿ ವಾದಿಸಿದವರು ಆಮೇಲೆ ಎದುರು ಪಕ್ಷದವರನ್ನು ಹೀಗಳೆಯುವುದಿಲ್ಲ, ಇದು ನನ್ನ ಅನುಭವ.

ನಿಮ್ಮ ಜಿಲ್ಲೆಯಲ್ಲಿಯೇ ಇದಕ್ಕಿಂತ ಸೊಗಸಾದ ಪಾಠವೊಂದಿದೆ. ಚಳ್ಳಕೆರೆಯ ಕಡೆ ಮ್ಯಾಸಬೇಡ ಸಮುದಾಯದವರು ದೇವರ ಎತ್ತುಗಳನ್ನು ಸಾಕುತ್ತಾರೆ. ಕಿಲಾರಿಗಳು ಅವುಗಳನ್ನು ಮೇಯಿಸುತ್ತಾರೆ, ಅವುಗಳ ಹೆಗಲಿಗೆ ನೊಗವನ್ನೇ ಇಡುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಆ ಎತ್ತುಗಳ ಒಡೆಯ ಯಾರು? ದೇವರ ಮೂರ್ತಿಗೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನವಿದೆ ಎಂದು 1925ರಲ್ಲಿಯೇ, ಬ್ರಿಟಿಷ್ ಕಾಲದಲ್ಲಿ ನಮ್ಮ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮಲ್ಲಿಕ್ ಪ್ರಕರಣದಲ್ಲಿ ಹೇಳಿದೆ. ಉಸಿರಾಡದ ಕಲ್ಲು ವ್ಯಕ್ತಿಯಾಗುವುದಾದರೆ ಅದರ ಹೆಸರಿನ ಎತ್ತು ಬರಿಯ ಸ್ವತ್ತಾಗಿಯೇ ಉಳಿಯಬೇಕೇ ಎಂದು ಕೇಳಿದರೆ, ವಿದ್ಯಾರ್ಥಿಗಳು ತಾವಾಗಿಯೇ ದೊಡ್ಡ ತೀರ್ಪುಗಳತ್ತ ನಡೆಯುತ್ತಾರೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಪ್ರಾಣಿಗಳಿಗೆ ಕಾನೂನಿನ ವ್ಯಕ್ತಿತ್ವವಿದೆ ಎಂದಿತು. 2022ರಲ್ಲಿ ನ್ಯೂಯಾರ್ಕಿನ ಅತ್ಯುಚ್ಚ ನ್ಯಾಯಾಲಯ ಹ್ಯಾಪಿ ಎಂಬ ಆನೆಯನ್ನು ಮೃಗಾಲಯದಿಂದ ಬಿಡಿಸಬೇಕೆಂಬ ಅರ್ಜಿಯನ್ನು ಐದು–ಎರಡರ ಬಹುಮತದಿಂದ ತಿರಸ್ಕರಿಸಿತು. ನಮ್ಮ ಸರ್ವೋಚ್ಚ ನ್ಯಾಯಾಲಯ 2014ರ ನಾಗರಾಜ ಪ್ರಕರಣದಲ್ಲಿ ಜಲ್ಲಿಕಟ್ಟನ್ನು ತಡೆಯುತ್ತಾ ಪ್ರಾಣಿಗಳ ಘನತೆಯ ಬಗ್ಗೆ ವಿಸ್ತಾರವಾಗಿ ಮಾತನಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠವು ಜಲ್ಲಿಕಟ್ಟಿನ ಜೊತೆಗೆ ನಮ್ಮ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಅವಕಾಶ ನೀಡುವ ತಿದ್ದುಪಡಿಯನ್ನೂ ಎತ್ತಿಹಿಡಿದು, ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳಿವೆ ಎನ್ನಲು ಪೂರ್ವನಿದರ್ಶನವಿಲ್ಲ ಎಂದಿತು. ಈ ತೀರ್ಪುಗಳನ್ನು ಮೊದಲ ವಾರದಲ್ಲಿಯೇ ಕೊಟ್ಟರೆ ವಿದ್ಯಾರ್ಥಿಗಳು ಘೋಷಣೆಗಳನ್ನು ಕಲಿಯುತ್ತಾರೆ. ದೇವರ ಎತ್ತನ್ನು ನೋಡಿಬಂದ ಮೇಲೆ ಕೊಡಿ, ಆಗ ಪ್ರಶ್ನೆ ಇಟ್ಟುಕೊಂಡು ಓದುತ್ತಾರೆ.

ಪ್ರಶ್ನೆ: ಸರ್, ನಾನು ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ. ಈ ಕ್ಷೇತ್ರದಲ್ಲಿ ಆಸಕ್ತಿಯಿದೆ, ಆದರೆ ಮನೆಯಲ್ಲಿ ‘ಇದರಿಂದ ಊಟ ಹುಟ್ಟುತ್ತದೆಯೇ’ ಎಂದು ಕೇಳುತ್ತಾರೆ. ಇಂಟರ್ನ್‌ಶಿಪ್ ಎಲ್ಲಿ ಮಾಡಲಿ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಮನೆಯವರು ಕೇಳಿದ್ದು ನ್ಯಾಯವಾಗಿಯೇ ಇದೆ. ಈ ಊರಿನಲ್ಲಿ ಕುಳಿತು ‘ಪ್ರಾಣಿಗಳ ವಕೀಲ’ ಎಂಬ ಫಲಕ ಹಾಕಿದರೆ ಕಕ್ಷಿದಾರರು ಬರುವುದಿಲ್ಲ. ಆದರೆ ಪ್ರಾಣಿಗಳನ್ನು ಕುರಿತ ವ್ಯಾಜ್ಯಗಳು ಇಲ್ಲಿ ದಿನವೂ ಹುಟ್ಟುತ್ತವೆ. ವಿಮೆ ಮಾಡಿಸಿದ ಹಸು ಸತ್ತಾಗ ಕಿವಿಯ ಬಿಲ್ಲೆ ಸಿಗಲಿಲ್ಲವೆಂದು ಪರಿಹಾರ ನಿರಾಕರಿಸಿದರೆ ಆ ರೈತ ಹೋಗುವುದು ಗ್ರಾಹಕರ ಆಯೋಗಕ್ಕೆ. ಜಗಳೂರಿನ ಕಡೆ ಕರಡಿ ಗಾಯಗೊಳಿಸಿದರೆ, ಚಿರತೆ ಕುರಿಯನ್ನು ಹೊತ್ತೊಯ್ದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಬರೆಯುವವರು ಬೇಕು. ಬೀದಿನಾಯಿಗಳ ಸಂತಾನಶಕ್ತಿ ಹರಣದ ಬಗ್ಗೆ 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಜವಾಬ್ದಾರಿ ಹೊರಿಸಿವೆ. ಈ ಕೆಲಸಗಳಲ್ಲಿ ಶುಲ್ಕವೂ ಇದೆ, ಪ್ರಾಣಿಗೆ ಪ್ರಯೋಜನವೂ ಇದೆ.

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ನಿಮಗೆ ಒಟ್ಟು 12 ವಾರಗಳ ಇಂಟರ್ನ್‌ಶಿಪ್ ಬೇಕು, ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ. ಸ್ವಯಂಸೇವಾ ಸಂಸ್ಥೆ, ವಿಚಾರಣಾ ನ್ಯಾಯಾಲಯದ ವಕೀಲರು, ಸ್ಥಳೀಯಾಡಳಿತ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೊದಲ ವರ್ಷ ಗ್ರಾಹಕ ಪ್ರಕರಣಗಳನ್ನು ನಡೆಸುವ ವಕೀಲರ ಬಳಿ, ಎರಡನೆಯ ವರ್ಷ ಮಹಾನಗರ ಪಾಲಿಕೆಯಲ್ಲಿ, ಕೊನೆಯ ವರ್ಷ ಪ್ರಾಣಿರಕ್ಷಣೆಯ ಸಂಸ್ಥೆಯಲ್ಲಿ ಕೆಲಸ ಮಾಡಿ. ಅನೇಕರು ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲ ವರ್ಷವೇ ಮನಸ್ಸು ನೊಂದು ಬಿಟ್ಟುಹೋಗುತ್ತಾರೆ.

ಪ್ರಶ್ನೆ: ನನ್ನ ಮಗಳು ಕಾನೂನು ವಿದ್ಯಾರ್ಥಿನಿ. ಜಾನುವಾರು ಸಾಗಿಸುವ ವಾಹನಗಳನ್ನು ತಡೆಯಲು ಗೆಳೆಯರೊಂದಿಗೆ ರಾತ್ರಿ ಹೆದ್ದಾರಿಗೆ ಹೋಗುತ್ತೇನೆ ಎನ್ನುತ್ತಾಳೆ. ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆಯೇ?
– ತಾಯಿ, ಹಿರಿಯೂರು

ಉತ್ತರ: ಇಲ್ಲ, ತಾಯಿ. ಪ್ರಾಣಿಹಿಂಸೆ ತಡೆ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ವಶಪಡಿಸಿಕೊಂಡು ದಂಡಾಧಿಕಾರಿಯ ಅಥವಾ ಪಶುವೈದ್ಯಾಧಿಕಾರಿಯ ಮುಂದೆ ಹಾಜರುಪಡಿಸುವ ಅಧಿಕಾರವಿರುವುದು ಪೇದೆಗಿಂತ ಮೇಲಿನ ದರ್ಜೆಯ ಪೊಲೀಸರಿಗೆ ಹಾಗೂ ರಾಜ್ಯ ಸರ್ಕಾರ ಅಧಿಕಾರ ನೀಡಿದ ವ್ಯಕ್ತಿಗಳಿಗೆ ಮಾತ್ರ. ವಿದ್ಯಾರ್ಥಿಗಳು ವಾಹನ ತಡೆದರೆ ಅವರ ಮೇಲೆಯೇ ಮೊಕದ್ದಮೆ ಆಗಬಹುದು. ಅಂಥ ಒಂದು ಮೊಕದ್ದಮೆ ಮುಂದೆ ವಕೀಲಿ ಸನ್ನದು ಪಡೆಯುವಾಗಲೂ ಅಡ್ಡ ಬರಬಹುದು. ಅಧಿಕಾರವಿಲ್ಲದ ಗುಂಪುಗಳು ಹೆದ್ದಾರಿಯಲ್ಲಿ ಚಾಲಕರ ಮೇಲೆ ಕೈಮಾಡಿದ ಪ್ರಸಂಗಗಳು ದೇಶದಲ್ಲಿ ಕಡಿಮೆಯಿಲ್ಲ. ಮಗಳು ಆ ಸಾಲಿನಲ್ಲಿ ನಿಲ್ಲುವುದು ಬೇಡ. ವಾಹನದ ನೋಂದಣಿ ಸಂಖ್ಯೆ, ವೇಳೆ, ಕಂಡ ಸ್ಥಳ ಇವನ್ನು ಬರೆದುಕೊಂಡು 112ಕ್ಕೆ ಕರೆ ಮಾಡಲಿ, ಮರುದಿನ ಅದೇ ವಿವರಗಳನ್ನು ಲಿಖಿತವಾಗಿ ಠಾಣೆಗೆ ಕೊಟ್ಟು ಹಿಂಬರಹ ಪಡೆಯಲಿ. ಕಾಲೇಜಿನಲ್ಲಿ ಇದನ್ನು ಕಲಿಸುವವರು ಯಾರೂ ಇಲ್ಲದಿದ್ದರೆ, ಚಿತ್ರದುರ್ಗದಲ್ಲಿ ಶನಿವಾರ ಮಧ್ಯಾಹ್ನ ಒಂದು ತರಗತಿ ಆರಂಭವಾಗಿರುವುದನ್ನು ಮೇಲೆ ಓದಿದ್ದೀರಿ. ಆ ಉಪನ್ಯಾಸಕಿಯವರು ಒಪ್ಪಿದರೆ, ನಿಮ್ಮ ಪತ್ರವನ್ನು ಪತ್ರಿಕೆಯ ಮೂಲಕ ಅವರಿಗೆ ತಲುಪಿಸುತ್ತೇನೆ.